ಕಸಬು ಕಲಿಯುವ ಖರ್ಚು ಮತ್ತು ಆದಾಯ ತೆರಿಗೆ

(ಮುಂಬಯಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹಾದ ಗಿರಾಕಿ ಆರಂಭವಾಗುವ ನಡುವಿನ ಬಿಡುವಿನಲ್ಲಿ ನಿಮ್ಮಲ್ಲಿ ಅನೇಕರು ಇಲ್ಲಿಗೆ ಬಂದಿದ್ದೀರಿ. ಆ ಬಿಡುವು ನಿದ್ದೆಗಾಗಿ ಇರುವುದೆಂದು ನನಗೆ ಗೊತ್ತು. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ನಮ್ಮವರಲ್ಲಿ ಸಂಬಳದ ಕೆಲಸ ಬಿಟ್ಟು ಸ್ವಂತ ದುಡಿಮೆಗೆ ಇಳಿಯುವವರು ಅನೇಕರು. ಕೇಟರಿಂಗ್, ಡಬ್ಬಾ, ಕ್ಯಾಂಟೀನು ಗುತ್ತಿಗೆ, ಸಣ್ಣ ಬೇಕರಿ, ಮನೆಯಲ್ಲೇ ಹೊಲಿಗೆ, ಹೀಗೆ. ಇಳಿಯುವ ಮುಂಚೆ ಅಥವಾ ಇಳಿದ ಮೇಲೆ ಏನಾದರೊಂದು ತರಬೇತಿಗೆ ಸೇರುತ್ತಾರೆ. ಫೀಸು ಹತ್ತು ಸಾವಿರವೂ ಆಗಬಹುದು, ಲಕ್ಷವೂ ಆಗಬಹುದು. ಅದನ್ನು ಕಟ್ಟುವ ಹಣವಾದರೋ ಪ್ರಾವಿಡೆಂಟ್ ಫಂಡಿನದು, ಇಲ್ಲವೆ ಊರಿನ ಒಡವೆ ಅಡವಿಟ್ಟದ್ದು. ಕ್ಲಾಸಿನವರು ಫೀಸು ಕೇಳುವಾಗ ಒಂದು ಮಾತು ಸೇರಿಸುತ್ತಾರೆ: "ಇದು ಸ್ವಂತ ವ್ಯಾಪಾರದ ಖರ್ಚು, ತೆರಿಗೆಯಲ್ಲಿ ವಾಪಸು ಬರುತ್ತದೆ." ಈ ಒಂದು ಮಾತನ್ನು ನಂಬಿ ಸಹಿ ಹಾಕಿದವರು ಇದ್ದಾರೆ. ಆ ಮಾತಿನಲ್ಲಿ ನಿಜವೆಷ್ಟು ಎಂಬುದೇ ಇಂದಿನ ನನ್ನ ವಿಷಯ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಮಾಣಿ ರಾತ್ರಿ ಪುಸ್ತಕ ಹಿಡಿದು ಕುಳಿತದ್ದು ಈ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಇವೆಲ್ಲ ಜನರ ದೇಣಿಗೆಯಿಂದ ನಡೆದವು. ಅಡಿಗೆಯ ಕೆಲಸವನ್ನು ಭಟ್ಟರ ಕೈಕೆಳಗೆ ಬೈಸಿಕೊಂಡು ಕಲಿಯುತ್ತಿದ್ದರು, ಮಗ್ಗದ ಕೆಲಸವನ್ನು ಹಳಬನ ಪಕ್ಕದಲ್ಲಿ ನಿಂತು. ಅದಕ್ಕೆ ರಸೀದಿ ಇರಲಿಲ್ಲ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಬಹುಮಂದಿ ಮತ್ತೆ ಒಳಗೆ ಹೋಗಲಿಲ್ಲ. ಆಗ ಎಷ್ಟೋ ಮನೆಗಳಲ್ಲಿ ಸ್ವಂತ ದುಡಿಮೆ ಎಂಬುದು ಆಸೆಯಿಂದ ಬಂದದ್ದಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ಈಗ ಅವರ ಮಕ್ಕಳು ಮೊಮ್ಮಕ್ಕಳು ಫೀಸು ಕೊಟ್ಟು ಕಸಬು ಕಲಿಯುತ್ತಿದ್ದಾರೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 37ನೆಯ ಕಲಮು ಎಂದು ಒಂದು ಇದೆ. ಬಾಡಿಗೆ, ದುರಸ್ತಿ, ಸವಕಳಿ ಮುಂತಾದುವಕ್ಕೆ ಬೇರೆ ಬೇರೆ ಕಲಮುಗಳಿದ್ದು, ಅವುಗಳಲ್ಲಿ ಹೆಸರಿಸದೆ ಉಳಿದ ಖರ್ಚೆಲ್ಲ ಇಲ್ಲಿಗೆ ಬರುತ್ತದೆ. ತರಬೇತಿಯ ಖರ್ಚಿಗೂ ಇದೇ ಬಾಗಿಲು. ಬಾಗಿಲಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಖರ್ಚು ಪೂರ್ತಿಯಾಗಿ ವ್ಯಾಪಾರಕ್ಕೆಂದೇ ಆದದ್ದೆ? ನಿಮ್ಮ ಸ್ವಂತದ, ಮನೆಯ ಖರ್ಚಲ್ಲವಷ್ಟೆ? ಬಂಡವಾಳದ ಖರ್ಚಲ್ಲವಷ್ಟೆ? ಈ ಮೂರಕ್ಕೂ ಸರಿಯಾದ ಉತ್ತರವಿದ್ದರೆ ಲಾಭದಿಂದ ಆ ಮೊತ್ತವನ್ನು ಕಳೆಯಬಹುದು. 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲಿ ಕಲಮುಗಳ ನಂಬರು ಬೇರೆ, ಈ ತತ್ತ್ವ ಅದೇ. ನಾನು ನಿಮಗೆ ಪರಿಚಯವಾಗಿರುವ ಹಳೆಯ ನಂಬರುಗಳಲ್ಲೇ ಹೇಳುತ್ತೇನೆ.

ಇಲ್ಲಿ ಒಂದು ಭ್ರಮೆ ಹೋಗಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಗಳೆಲ್ಲ ಹೋದವು, ಆದುದರಿಂದ ಇದೂ ಹೋಯಿತು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ವಿಮೆ, ಪಿ.ಎಫ್. ಮುಂತಾದ 80ಸಿ ಕಲಮಿನ ವಿನಾಯಿತಿ ಬೇರೆ, ವ್ಯಾಪಾರದ ಖರ್ಚು ಬೇರೆ. ಅಕ್ಕಿ, ಉದ್ದು, ಗ್ಯಾಸಿನ ಖರ್ಚು ಕಳೆಯದೆ ಲಾಭ ಎಂಬುದೇ ಇಲ್ಲ. ತರಬೇತಿಯ ಖರ್ಚು ವ್ಯಾಪಾರದ್ದೆಂದು ಒಪ್ಪಿತವಾದರೆ ಅದು ಉದ್ದಿನ ಬೇಳೆಯ ಸಾಲಿನಲ್ಲೇ ಕೂರುತ್ತದೆ, ಪದ್ಧತಿ ಹೊಸದಿರಲಿ ಹಳೆಯದಿರಲಿ.

ಈಗ ನಮ್ಮ ನಡುವೆ ನಡೆಯುವ ಸಂಗತಿಗೆ ಬರೋಣ. ಒಬ್ಬರು ಐದು ವರ್ಷದಿಂದ ಮದುವೆ ಉಪನಯನಗಳ ಅಡಿಗೆ ಗುತ್ತಿಗೆ ಹಿಡಿಯುತ್ತಿದ್ದಾರೆ ಎನ್ನಿ. ಗಿರಾಕಿಗಳು ಈಗ ಸಾರು ಹುಳಿಯ ಜೊತೆಗೆ ಚೈನೀಸೂ ಕೇಳುತ್ತಾರೆ, ಕೇಕೂ ಕೇಳುತ್ತಾರೆ. ಅವರು ಮೂರು ತಿಂಗಳ ತರಬೇತಿಗೆ ಸೇರುತ್ತಾರೆ. ಇದು ನಡೆಯುತ್ತಿರುವ ವ್ಯಾಪಾರವನ್ನು ಉಳಿಸಿಕೊಳ್ಳುವ, ಬೆಳೆಸುವ ಖರ್ಚು. ಕತ್ತಿಗೆ ಸಾಣೆ ಹಿಡಿಸಿದಂತೆ. ಕಳೆಯಲು ನ್ಯಾಯವಿದೆ. ಅದೇ ಅಡಿಗೆಯವರು ಮೊಬೈಲು ರಿಪೇರಿ ಕಲಿತರೆ ಅಡಿಗೆ ವ್ಯಾಪಾರದ ಲೆಕ್ಕದಲ್ಲಿ ಅದಕ್ಕೆ ಸ್ಥಳವಿಲ್ಲ. ಇಂಗ್ಲಿಷ್ ಮಾತಾಡುವ ಕ್ಲಾಸು? ಅದು ವ್ಯಾಪಾರಕ್ಕೂ ಬಂತು, ಮಗಳ ಶಾಲೆಯ ಸಭೆಗೂ ಬಂತು, ಊರಿಗೆ ಹೋಗುವ ರೈಲಿನಲ್ಲೂ ಬಂತು. "ಪೂರ್ತಿಯಾಗಿ ವ್ಯಾಪಾರಕ್ಕೆಂದೇ" ಎಂಬ ಪದ ಅಲ್ಲಿ ಅಡ್ಡ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ತಮ್ಮ ವ್ಯಾಪಾರದ ಲೆಕ್ಕಕ್ಕಾಗಿ ಕಲಿತರೆ ನನ್ನ ಅಭಿಪ್ರಾಯದಲ್ಲಿ ಅದು ನಿಲ್ಲುತ್ತದೆ.

ಸಂಶಯವೇ ಇಲ್ಲದ ತರಬೇತಿಯೂ ಒಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 'ಫೋಸ್ಟ್ಯಾಕ್' ಎಂಬ ತರಬೇತಿಯನ್ನು ನೀವು ಕೇಳಿರಬಹುದು. ಕೇಂದ್ರದ ಅಥವಾ ರಾಜ್ಯದ ಲೈಸೆನ್ಸ್ ಪಡೆದ ಆಹಾರ ವ್ಯಾಪಾರದಲ್ಲಿ ಆಹಾರ ಮುಟ್ಟುವ ಪ್ರತಿ 25 ಕೆಲಸಗಾರರಿಗೆ ಒಬ್ಬ ತರಬೇತಿ ಪಡೆದ ಮೇಲ್ವಿಚಾರಕ ಇರಬೇಕೆಂಬುದು ನಿಯಮ. ಸರಕಾರವೇ ಬೇಕೆಂದು ಹೇಳಿದ ಕಲಿಕೆ ವ್ಯಾಪಾರದ್ದಲ್ಲವೆಂದು ಯಾವ ಅಧಿಕಾರಿಯೂ ಹೇಳಲಾರ.

ಇನ್ನು ಬಂಡವಾಳದ ಪ್ರಶ್ನೆ. ಕಲಿತ ವಿದ್ಯೆ ಜೀವಮಾನವಿಡೀ ಉಳಿಯುತ್ತದೆ, ಆದುದರಿಂದ ಇದು ಯಂತ್ರ ಕೊಂಡಂತೆ ಬಂಡವಾಳದ ಖರ್ಚು ಎಂದು ಅಧಿಕಾರಿ ವಾದಿಸಬಹುದು. ಇದಕ್ಕೆ ಉತ್ತರ ಗಿರಣಿಯಿಂದಲೇ ಬಂದಿದೆ ಎಂದರೆ ಗಿರಣಿಯ ಬಂಧುಗಳಿಗೆ ಸಂತೋಷವಾದೀತು. ಎಂಪೈರ್ ಜ್ಯೂಟ್ ಕಂಪನಿಯ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸೆಣಬಿನ ಗಿರಣಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ವಾರಕ್ಕೆ ಇಂತಿಷ್ಟೇ ಗಂಟೆ ಮಗ್ಗ ಓಡಿಸಬೇಕೆಂದು ಗೊತ್ತುಮಾಡಿದ್ದವು. ಹೆಚ್ಚು ಓಡಿಸಬೇಕೆಂದ ಗಿರಣಿ ಇನ್ನೊಂದರಿಂದ ಮಗ್ಗದ ಗಂಟೆಗಳನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಆ ಹಣ ಬಂಡವಾಳವೋ ದಿನದ ಖರ್ಚೋ ಎಂಬುದು ಪ್ರಶ್ನೆ. ದಿನದ ಖರ್ಚು ಎಂದು ಕೋರ್ಟು ಹೇಳಿತು. ಲಾಭ ಬಹುಕಾಲ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಖರ್ಚು ಬಂಡವಾಳವಾಗುವುದಿಲ್ಲ, ಇರುವ ವ್ಯಾಪಾರವನ್ನೇ ಹೆಚ್ಚು ಚೆನ್ನಾಗಿ ನಡೆಸಲು ನೆರವಾದರೆ ಅದು ವ್ಯಾಪಾರದ ಖರ್ಚೇ ಎಂಬುದು ಅದರ ಸಾರ. ನಿಮ್ಮ ತರಬೇತಿಗೂ ಇದೇ ವಾದ. ತರಬೇತಿಗೆಂದು ಕೊಂಡ ಒಲೆ, ಕಂಪ್ಯೂಟರು ಮಾತ್ರ ಬಂಡವಾಳವೇ. ಅವುಗಳ ಮೇಲೆ ವರ್ಷವರ್ಷ ಸವಕಳಿ ಮಾತ್ರ ಸಿಗುತ್ತದೆ.

ಬಡವನಿಗೆ ಪೆಟ್ಟು ಬೀಳುವ ಸ್ಥಳ ಇನ್ನು ಬರುತ್ತದೆ. ಹದಿನೆಂಟು ವರ್ಷ ಸಪ್ಲೈಯರ್ ಆಗಿದ್ದ ಒಬ್ಬರು ಕೆಲಸ ಬಿಟ್ಟರು ಎನ್ನಿ. ಜೂನ್ ತಿಂಗಳಲ್ಲಿ 40,000 ರೂಪಾಯಿ ಕಟ್ಟಿ ಬೇಕರಿ ತರಬೇತಿಗೆ ಸೇರಿದರು. ಆಗಸ್ಟಿನಲ್ಲಿ ಮುಗಿಯಿತು. ನವೆಂಬರಿನಲ್ಲಿ ಗಾಳಾ ಬಾಡಿಗೆಗೆ ಹಿಡಿದು ಬೇಕರಿ ಇಟ್ಟರು. ಆ 40,000 ಕಳೆಯಬಹುದೇ? ಇಲ್ಲ. ಫೀಸು ಕಟ್ಟಿದ ದಿನ ಅವರಿಗೆ ವ್ಯಾಪಾರವೇ ಇರಲಿಲ್ಲ. ಕಾನೂನಿನ ಕಣ್ಣಿಗೆ ಅದು ಒಬ್ಬ ಮನುಷ್ಯನು ತನ್ನ ವಿದ್ಯೆಗೆ ಮಾಡಿದ ಖರ್ಚು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಆ ಕುಲಾವಿಯ ಖರ್ಚು ಕೂಸಿನ ಲೆಕ್ಕಕ್ಕೆ ಬರುವುದಿಲ್ಲ. ವ್ಯಾಪಾರ ಆರಂಭವಾಗುವ ಮುಂಚಿನ ಕೆಲವು ಖರ್ಚುಗಳಿಗೆ 35ಡಿ ಎಂಬ ಕಲಮು ಇರುವುದೇನೋ ನಿಜ. ಆದರೆ ಅದು ಯೋಜನಾ ವರದಿ, ಮಾರುಕಟ್ಟೆಯ ಪರಿಶೀಲನೆ ಮುಂತಾದುವಕ್ಕೆ. ತರಬೇತಿ ಆ ಪಟ್ಟಿಯಲ್ಲಿಲ್ಲ.

ಇದು ನ್ಯಾಯವೇ ಎಂದು ನೀವು ಕೇಳಬಹುದು. ನನಗೂ ಇದು ನ್ಯಾಯವೆಂದು ಕಾಣುವುದಿಲ್ಲ. ಈಗಾಗಲೇ ಅಂಗಡಿ ಇರುವವನು ಕಲಿತರೆ ಸರಕಾರ ಪಾಲು ಹೊರುತ್ತದೆ, ಅಂಗಡಿ ಇಲ್ಲದವನು ಅಂಗಡಿ ಇಡುವುದಕ್ಕಾಗಿ ಕಲಿತರೆ ಪೂರ್ತಿ ತಾನೇ ಹೊರಬೇಕು. ಕಲಿಕೆಯ ಅಗತ್ಯ ಯಾರಿಗೆ ಹೆಚ್ಚು? ಆದರೆ ಇಂದು ಇರುವ ಕಾನೂನು ಇದು. ಇದರೊಳಗೆ ನಮ್ಮವರು ಹೇಗೆ ನಡೆಯಬೇಕು ಎಂಬುದನ್ನೇ ಹೇಳಬೇಕಾಗಿದೆ.

ಈ ಗಡಿಯಲ್ಲಿ ಮುಂಬಯಿ ಹೈಕೋರ್ಟು ನಮಗೆ ಒಂದು ಗೇಣು ಜಾಗ ಮಾಡಿಕೊಟ್ಟಿದೆ. 1954ರಲ್ಲಿ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರಿದ್ದ ಪೀಠ ಒಂದು ವ್ಯತ್ಯಾಸ ತೋರಿಸಿತು. ವ್ಯಾಪಾರ ಸಜ್ಜಾದ ದಿನ ಬೇರೆ, ವ್ಯಾಪಾರ ನಿಜವಾಗಿ ನಡೆಯಲು ಆರಂಭವಾದ ದಿನ ಬೇರೆ. ಸಜ್ಜಾದ ದಿನದಿಂದ ಆದ ಖರ್ಚು ಕಳೆಯಬಹುದು, ಮೊದಲ ಗಿರಾಕಿ ಆಮೇಲೆ ಬಂದರೂ ಸರಿ. ನಮ್ಮ ಬೇಕರಿಯವರ ಲೆಕ್ಕಕ್ಕೆ ತನ್ನಿ. ಗಾಳಾ ಹಿಡಿದಾಯಿತು, ಲೈಸೆನ್ಸ್ ಬಂತು, ಒಲೆ ಕೂರಿಸಿ ಆಯಿತು, ಬಾಗಿಲು ತೆರೆದರೆ ವ್ಯಾಪಾರ ಮಾಡಬಹುದು. ಒಳ್ಳೆಯ ದಿನ ನೋಡಿ ಪೂಜೆ ಮಾಡೋಣವೆಂದು ಹದಿನೈದು ದಿನ ಕಾದರು. ಆ ಹದಿನೈದು ದಿನದೊಳಗೆ ಹುಡುಗರಿಬ್ಬರನ್ನು ತರಬೇತಿಗೆ ಕಳುಹಿಸಿದರೆ, ತಾವೇ ಹೋದರೆ, ಆ ಖರ್ಚಿಗೆ ಜಾಗವಿದೆ. ಜೂನಿನ ಫೀಸಿಗೆ ಜಾಗವಿಲ್ಲ.

ಇನ್ನೊಂದು ದಾರಿ ನಮ್ಮ ಜನ ತಾವಾಗಿಯೇ ನಡೆಯುತ್ತಿರುವ ದಾರಿ. ಹಗಲು ಹೋಟೆಲಿನಲ್ಲಿ ಸಂಬಳಕ್ಕೆ ದುಡಿದು, ರಜೆಯ ದಿನ ಸಣ್ಣ ಅಡಿಗೆ ಗುತ್ತಿಗೆ ಹಿಡಿಯುವವರು ಈ ಸಭೆಯಲ್ಲೂ ಇದ್ದಾರೆ. ಅವರಿಗೆ ಎರಡು ಆದಾಯ. ಸಂಬಳದ ಮೇಲೆ ಹೊಸ ಪದ್ಧತಿಯಲ್ಲಿ 75,000, ಹಳೆಯ ಪದ್ಧತಿಯಲ್ಲಿ 50,000 ರೂಪಾಯಿಯ ಸಾಮಾನ್ಯ ಕಡಿತ ಸಿಗುತ್ತದೆ. ನೀವು ಕಟ್ಟಿದ ತರಬೇತಿ ಫೀಸನ್ನು ಸಂಬಳದಿಂದ ಕಳೆಯಲು ಯಾವ ದಾರಿಯೂ ಇಲ್ಲ. ಆದರೆ ರಜೆಯ ದಿನದ ಗುತ್ತಿಗೆ ಎಷ್ಟೇ ಸಣ್ಣದಾದರೂ ಅದು ವ್ಯಾಪಾರ. ಅದಕ್ಕೆ ಸಂಬಂಧಪಟ್ಟ ಕಲಿಕೆಯ ಖರ್ಚು ಅದರ ಲೆಕ್ಕದಲ್ಲಿ ಬರಬಹುದು. ಕೆಲಸ ಬಿಟ್ಟ ಮೇಲೆ ಕಲಿತು, ಕಲಿತ ಮೇಲೆ ವ್ಯಾಪಾರ ಇಡುವುದಕ್ಕಿಂತ, ಕೆಲಸದಲ್ಲಿರುವಾಗಲೇ ಕೈಲಾದಷ್ಟು ಸಣ್ಣದಾಗಿ ವ್ಯಾಪಾರ ಆರಂಭಿಸಿ, ಆಮೇಲೆ ಕಲಿಯುವುದು ಲೆಕ್ಕದ ದೃಷ್ಟಿಯಿಂದ ಮೇಲು. ಕಸಬಿನ ದೃಷ್ಟಿಯಿಂದಲೂ ಮೇಲೆಂದು ತೋರುತ್ತದೆ, ಯಾವುದು ಕಲಿಯಬೇಕೆಂದು ಗಿರಾಕಿಯೇ ಹೇಳುತ್ತಾನೆ. ಆದರೆ ನಡೆಯದ ವ್ಯಾಪಾರವನ್ನು ನಡೆದಂತೆ ಬರೆದು, ಸುಳ್ಳು ಬಿಲ್ಲು ಹಚ್ಚಿ ಫೀಸು ಕಳೆಯಲು ಹೋಗಬೇಡಿ. ಅದಕ್ಕೆ ದಂಡವಿದೆ.

ನಾನು ಸ್ವಂತ ದುಡಿಮೆಯವನೋ ಸಂಬಳದವನೋ ಎಂಬುದೇ ಕೆಲವರಿಗೆ ಗೊತ್ತಿರುವುದಿಲ್ಲ. ದೊಡ್ಡ ಕೇಟರರ ಬಳಿ ದಿನಗೂಲಿಯ ಲೆಕ್ಕದಲ್ಲಿ ಹೋಗುವ ಅಡಿಗೆಯವರನ್ನು ಕೇಳಿ, ಅವರು "ನಾನು ಅವರ ಕೆಲಸದವ" ಎನ್ನುತ್ತಾರೆ. ಹಣ ಕೊಡುವಾಗ ಪಿ.ಎಫ್. ಕಡಿಯುತ್ತಾರೆಯೇ, ಅಥವಾ ಗುತ್ತಿಗೆದಾರರ ಕಲಮಿನಂತೆ ಶೇಕಡಾ 1 ತೆರಿಗೆ ಹಿಡಿಯುತ್ತಾರೆಯೇ ನೋಡಿ. ಎರಡನೆಯದಾದರೆ ಕಾಗದದ ಮೇಲೆ ನೀವು ಗುತ್ತಿಗೆದಾರರು. ಆ ಶೇಕಡಾ 1 ನಿಮ್ಮ ಹೆಸರಿನಲ್ಲಿ ಜಮೆಯಾಗಿರುತ್ತದೆ. ರಿಟರ್ನ್ ತುಂಬಿದರೆ ಮಾತ್ರ ಕೈಗೆ ಬರುತ್ತದೆ. ತರಬೇತಿಯ ಫೀಸಿನ ಚಿಂತೆಗಿಂತ ಮುಂಚೆ ಈ ಹಣವನ್ನು ಬಿಡಿಸಿಕೊಳ್ಳಿ ಎಂದು ನಾನು ಅನೇಕರಿಗೆ ಹೇಳಿದ್ದೇನೆ.

ಇಷ್ಟಾದ ಮೇಲೆ ದೊಡ್ಡ ತಿರುವು ಒಂದಿದೆ. ಕ್ಲಾಸಿನವರು ಹೇಳದೆ ಬಿಡುವುದು ಇದನ್ನೇ. ಸಣ್ಣ ವ್ಯಾಪಾರಿಗಳಲ್ಲಿ ಬಹುಮಂದಿ 44ಎಡಿ ಎಂಬ ಕಲಮಿನಂತೆ ರಿಟರ್ನ್ ತುಂಬುತ್ತಾರೆ. ವಹಿವಾಟು ವರ್ಷಕ್ಕೆ 2 ಕೋಟಿಯೊಳಗೆ ಇರಬೇಕು. ನಗದು ಶೇಕಡಾ 5ನ್ನು ಮೀರದಿದ್ದರೆ 3 ಕೋಟಿಯವರೆಗೆ. ಅವರು ಲೆಕ್ಕದ ಪುಸ್ತಕ ತೋರಿಸಬೇಕಾಗಿಲ್ಲ. ನಗದಾಗಿ ಬಂದ ವಹಿವಾಟಿನ ಮೇಲೆ ಶೇಕಡಾ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದರ ಮೇಲೆ ಶೇಕಡಾ 6 ಲಾಭವೆಂದು ತೋರಿಸಿದರೆ ಸಾಕು. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚು ತೋರಿಸಬೇಕು. ಒಬ್ಬರ ವಹಿವಾಟು 30 ಲಕ್ಷ, ಅದರಲ್ಲಿ ಯುಪಿಐ 20 ಲಕ್ಷ, ನಗದು 10 ಲಕ್ಷ ಎನ್ನಿ. 20 ಲಕ್ಷಕ್ಕೆ 1,20,000, 10 ಲಕ್ಷಕ್ಕೆ 80,000, ಒಟ್ಟು ಲಾಭ 2,00,000. ಉಳಿದ 28 ಲಕ್ಷವೆಲ್ಲ ಖರ್ಚೆಂದು ಕಾನೂನೇ ಒಪ್ಪಿಕೊಂಡಿತು. ಅಕ್ಕಿ, ಗ್ಯಾಸು, ಬಾಡಿಗೆ, ತರಬೇತಿ ಎಲ್ಲವೂ ಅದರೊಳಗೆ ಬಂತು. ಎರಡು ಲಕ್ಷದಿಂದ ಮತ್ತೆ 40,000 ಕಳೆಯುತ್ತೇನೆ ಎಂದರೆ ಆಗುವುದಿಲ್ಲ. ಒಂದೇ ಎಲೆಯಲ್ಲಿ ಎರಡು ಸಲ ಊಟವಿಲ್ಲ.

ಹಾಗಾದರೆ 44ಎಡಿ ಬಿಟ್ಟು ನಿಜವಾದ ಲೆಕ್ಕ ತೋರಿಸಿ ಫೀಸು ಕಳೆಯೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಹತ್ತು ಸಲ ಯೋಚಿಸಿ. ಆ ದಾರಿಯಲ್ಲಿ ಒಮ್ಮೆ ಹೋದವರು ಐದು ವರ್ಷದೊಳಗೆ ಅದನ್ನು ಬಿಟ್ಟು ಕಡಿಮೆ ಲಾಭ ತೋರಿಸಿದರೆ ಮುಂದಿನ ಐದು ವರ್ಷ ಮರಳಿ ಬರುವಂತಿಲ್ಲ. ಆದಾಯ ತೆರಿಗೆಯ ಮಿತಿಯನ್ನು ದಾಟಿದರೆ ಲೆಕ್ಕದ ಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ಫೀಸಿನಿಂದ ಉಳಿದದ್ದನ್ನು ಆಡಿಟರಿಗೆ ಕೊಟ್ಟು ಬರುವ ಪರಿಸ್ಥಿತಿ.

ಉಳಿಯುವುದಾದರೂ ಎಷ್ಟು? ಇಲ್ಲಿ ದಯವಿಟ್ಟು ಗಮನ ಕೊಡಿ, ಏಕೆಂದರೆ "ವಾಪಸು ಬರುತ್ತದೆ" ಎಂಬ ಮಾತಿನ ಹುಳುಕು ಇಲ್ಲಿದೆ. ಖರ್ಚನ್ನು ಲಾಭದಿಂದ ಕಳೆಯುವುದೆಂದರೆ ಆ ಹಣ ಕೈಗೆ ಬರುವುದೆಂದಲ್ಲ. ಅದರ ಮೇಲಿನ ತೆರಿಗೆ ಮಾತ್ರ ಉಳಿಯುತ್ತದೆ. 2025-26ನೆಯ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷದಿಂದ 16 ಲಕ್ಷದವರೆಗಿನ ಭಾಗಕ್ಕೆ ಶೇಕಡಾ 15 ತೆರಿಗೆ. 14 ಲಕ್ಷ ಆದಾಯವಿರುವ ಕೇಟರರು 40,000 ರೂಪಾಯಿ ಫೀಸು ಕಳೆದರೆ ಅವರಿಗೆ ಉಳಿಯುವುದು 6,000, ಅದರ ಮೇಲೆ ಶೇಕಡಾ 4ರ ಸೆಸ್ಸು 240, ಒಟ್ಟು 6,240 ರೂಪಾಯಿ. ಉಳಿದ 33,760 ಅವರ ಕೈಯಿಂದಲೇ ಹೋಯಿತು. ಆದಾಯ 12 ಲಕ್ಷದೊಳಗೆ ಇರುವವರಿಗೆ ಹೊಸ ಪದ್ಧತಿಯಲ್ಲಿ ರಿಯಾಯಿತಿಯಿಂದಾಗಿ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದವನಿಗೆ ಉಳಿಯುವುದೇನು? ಸೊನ್ನೆ. ಈ ಸಭೆಯಲ್ಲಿ ಕುಳಿತವರಲ್ಲಿ ಬಹುಮಂದಿ ಆ ಸೊನ್ನೆಯವರೇ ಎಂದು ನಾನು ತಿಳಿದಿದ್ದೇನೆ. ಅವರು ತರಬೇತಿಯ ಬೆಲೆಯನ್ನು ತೂಗುವಾಗ ತೆರಿಗೆಯನ್ನು ತಕ್ಕಡಿಯಲ್ಲಿ ಇಡಲೇ ಬಾರದು. ಕಲಿತದ್ದರಿಂದ ಗಿರಾಕಿ ಹೆಚ್ಚುತ್ತಾರೆಯೇ, ಅಷ್ಟೇ ನೋಡಬೇಕು.

ಜಿಎಸ್‌ಟಿಯ ಒಂದು ಮಾತು. ಖಾಸಗಿ ಕ್ಲಾಸಿನ ಫೀಸಿನ ಮೇಲೆ ಸಾಮಾನ್ಯವಾಗಿ ಶೇಕಡಾ 18 ಹಾಕುತ್ತಾರೆ. ನಮ್ಮ ಸಾಮಾನ್ಯ ಹೋಟೆಲುಗಳು ಶೇಕಡಾ 5ರಲ್ಲಿವೆ, ಕೊಂಡದ್ದರ ಮೇಲಿನ ತೆರಿಗೆಯನ್ನು ಹಿಂದೆ ಪಡೆಯುವ ಹಕ್ಕು ಅವಕ್ಕಿಲ್ಲ. ಆದುದರಿಂದ ಆ ಹದಿನೆಂಟೂ ಖರ್ಚೇ ಎಂದು ಮೊದಲೇ ಸೇರಿಸಿಕೊಳ್ಳಿ.

ಯಾರಿಗೆ ನಿಜವಾಗಿ ಲಾಭವಿದೆಯೋ, ಅಂದರೆ ಲೆಕ್ಕದ ಪುಸ್ತಕ ಇಟ್ಟು ತೆರಿಗೆ ಕಟ್ಟುವ ನಮ್ಮ ದೊಡ್ಡ ಕೇಟರರು, ಕ್ಯಾಂಟೀನಿನವರು, ಅವರಿಗೆ ದಾಖಲೆಯ ವಿಷಯ ಹೇಳುತ್ತೇನೆ. ಫೀಸನ್ನು ನಗದಾಗಿ ಕಟ್ಟಬೇಡಿ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 40ಎ(3) ಕಲಮಿನಂತೆ ಆ ಖರ್ಚು ಪೂರ್ತಿ ತಳ್ಳಿಹೋಗುತ್ತದೆ, ಎಷ್ಟೇ ನ್ಯಾಯವಾದ ಖರ್ಚಾಗಿರಲಿ. ರಸೀದಿ ವ್ಯಾಪಾರದ ಹೆಸರಿನಲ್ಲಿರಲಿ. ಏನು ಕಲಿಸಿದರೆಂಬ ಪಟ್ಟಿಯನ್ನು ರಸೀದಿಗೆ ಹಚ್ಚಿಡಿ, ಮೂರು ವರ್ಷದ ಮೇಲೆ ಅಧಿಕಾರಿ ಕೇಳಿದಾಗ ಕ್ಲಾಸೇ ಮುಚ್ಚಿಹೋಗಿರಬಹುದು. ಬೆಂಗಳೂರಿಗೋ ದಿಲ್ಲಿಗೋ ತರಬೇತಿಗೆ ಹೋದರೆ ರೈಲಿನ ಚೀಟಿ, ಇಳಿದುಕೊಂಡ ಸ್ಥಳದ ಬಿಲ್ಲು ಇಡಿ. ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಧರ್ಮಸ್ಥಳ ನೋಡಿ ಬಂದರೆ ಆ ಭಾಗ ಮನೆಯ ಖರ್ಚು, ಅದನ್ನು ಸೇರಿಸಬೇಡಿ.

ಮಕ್ಕಳ ಓದಿನ ಪ್ರಶ್ನೆ ಮಾಲೀಕರು ನನ್ನನ್ನು ಸದಾ ಕೇಳುವುದು. ಮಗನನ್ನು ಹೋಟೆಲ್ ಮ್ಯಾನೇಜ್‌ಮೆಂಟಿಗೆ ಹಾಕಿದ್ದೇನೆ, ನಾಳೆ ಹೋಟೆಲು ಅವನೇ ನೋಡುವವನು, ಖರ್ಚು ಹೋಟೆಲಿನದಲ್ಲವೇ? ಮುಂಬಯಿ ಹೈಕೋರ್ಟು ಇದರಲ್ಲಿ ಎರಡು ರೀತಿ ಹೇಳಿದೆ. ಪುಣೆಯ 'ಸಕಾಳ' ಪತ್ರಿಕೆಯ ಕಂಪನಿ ತನ್ನ ಮ್ಯಾನೇಜಿಂಗ್ ಡೈರೆಕ್ಟರರ ಮಗಳನ್ನು ಪತ್ರಿಕೋದ್ಯಮ ಕಲಿಯಲು ಅಮೆರಿಕಕ್ಕೆ ಕಳುಹಿದ ಖರ್ಚನ್ನು ಕೋರ್ಟು ಒಪ್ಪಿತು. 1978ರ ವರದಿಗಳಲ್ಲಿ ಆ ತೀರ್ಪು ಇದೆ. ಪತ್ರಿಕೆಗೆ ತರಬೇತಿ ಪಡೆದವರು ಬೇಕಾಗಿದ್ದರೆ, ಕಲಿತವರು ಬಂಧು ಎಂಬ ಒಂದೇ ಕಾರಣಕ್ಕೆ ತಳ್ಳಲಾಗದು ಎಂಬುದು ಅದರ ನಿಲುವು. ಆದರೆ ಹಿಂದುಸ್ಥಾನ್ ಹೋಸಿಯರಿ ಇಂಡಸ್ಟ್ರೀಸ್ ಎಂಬ ಸಂಸ್ಥೆ ಪಾಲುದಾರರ ಮಗನ ಪರದೇಶದ ಓದಿನ ಖರ್ಚು ತೋರಿಸಿದಾಗ ಅದೇ ಕೋರ್ಟು ಒಪ್ಪಲಿಲ್ಲ. ಅದು 1994ರ ವರದಿಗಳಲ್ಲಿದೆ. ಅಲ್ಲಿ ಓದಿಗೂ ವ್ಯಾಪಾರಕ್ಕೂ ಸಂಬಂಧ ಕಾಣಲಿಲ್ಲ, ತಂದೆ ಮಗನಿಗೆ ಮಾಡಿದ ಖರ್ಚು ಮಾತ್ರ ಕಂಡಿತು. ನಿಮ್ಮ ಮಗ ಮೊದಲಿನಿಂದ ಗಲ್ಲಾದಲ್ಲಿ ಕೂತು ಸಂಬಳ ಪಡೆಯುತ್ತಿದ್ದಾನೆಯೇ, ಬೇರೆಯವರ ಮಗನನ್ನೂ ಹೀಗೆ ಕಳುಹಿಸುತ್ತಿದ್ದಿರಾ, ಎಂದು ಅಧಿಕಾರಿ ಕೇಳಿದರೆ ಉತ್ತರವಿರಬೇಕು.

ಸಂಘದ ಸದಸ್ಯರು ಈ ಕೊನೆಯ ಪ್ರಶ್ನೆಯನ್ನು ತಮ್ಮ ಕಡೆಯಿಂದಲೂ ಓದಿಕೊಳ್ಳಬೇಕು. ಸಂಬಳದ ಕೆಲಸಗಾರ ತಾನೇ ಫೀಸು ಕಟ್ಟಿದರೆ ಒಂದು ಕಾಸೂ ಕಡಿತವಿಲ್ಲ. ಅದೇ ಫೀಸನ್ನು ಧಣಿ ಕಟ್ಟಿದರೆ ಪೂರ್ತಿ ಹೋಟೆಲಿನ ಖರ್ಚು, ಧಣಿಯ ತೆರಿಗೆ ಕಡಿಮೆಯಾಗುತ್ತದೆ. ಶೇಕಡಾ 30ರ ದರದಲ್ಲಿರುವ ಧಣಿ 40,000 ಕಟ್ಟಿದರೆ ಸೆಸ್ಸು ಸೇರಿ 12,480 ರೂಪಾಯಿ ತೆರಿಗೆ ಉಳಿಯುತ್ತದೆ, ನಿಜವಾಗಿ ಹೋಗುವುದು 27,520. ಹುಡುಗ ಕಟ್ಟಿದರೆ ನಲವತ್ತಕ್ಕೆ ನಲವತ್ತೂ ಅವನದೇ. ಆದುದರಿಂದ ಸಂಬಳದ ಮಾತುಕತೆಗೆ ಕುಳಿತಾಗ ಐದು ನೂರು ಹೆಚ್ಚಿಗೆ ಕೇಳುವ ಜೊತೆಗೆ ತರಬೇತಿಯನ್ನೂ ಕೇಳಿ. ಇದು ಧಣಿಗೂ ಸುಲಭವಾದ ಬೇಡಿಕೆ. ಕಲಿಸಿದ ಮೇಲೆ ಇಂತಿಷ್ಟು ವರ್ಷ ಇಲ್ಲೇ ಇರಬೇಕೆಂದು ಬರೆಸಿಕೊಳ್ಳಲು ಬಂದರೆ, ಎಷ್ಟು ವರ್ಷ, ಬಿಟ್ಟರೆ ಎಷ್ಟು ಹಣ ಎಂಬುದನ್ನು ಓದಿಸಿಕೊಂಡು, ಸಂಘದಲ್ಲಿ ತೋರಿಸಿ, ಆಮೇಲೆ ಸಹಿ ಮಾಡಿ.

ಸಾಲ ಮಾಡಿ ಓದುವವರಿಗೆ 80ಇ ಎಂಬ ಕಲಮು ಇದೆ. ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾದ ಮೇಲಿನ ಓದಿಗೆ ಬ್ಯಾಂಕಿನಿಂದ ಪಡೆದ ಸಾಲದ ಬಡ್ಡಿಯನ್ನು ಎಂಟು ವರ್ಷದವರೆಗೆ ಕಳೆಯಬಹುದು, ಸಂಬಳದವರೂ ಕಳೆಯಬಹುದು. ಆದರೆ ಹಳೆಯ ಪದ್ಧತಿಯಲ್ಲಿ ಮಾತ್ರ, ಬಡ್ಡಿ ಮಾತ್ರ, ಅಸಲಲ್ಲ. ಚೀಟಿ ಎತ್ತಿ ಅಥವಾ ಭಾವನಿಂದ ಕೈಸಾಲ ತಂದು ಓದಿದರೆ ಇದು ಸಿಗದು.

ಇನ್ನು ಫೀಸೇ ಇಲ್ಲದ ಕಲಿಕೆ ಇರುವಲ್ಲಿ ಫೀಸು ಯಾಕೆ ಕಟ್ಟಬೇಕು? ಗಿರಣಿಗಳು ನಿಂತ ಅದೇ 1982ರಲ್ಲಿ ನಮ್ಮ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಮಾಡಿದ್ದು. ಊಟ ವಸತಿ ಕೊಟ್ಟು, ಫೀಸಿಲ್ಲದೆ, ಸ್ವಂತ ಉದ್ಯೋಗ ಕಲಿಸುವುದು ಅದರ ಕೆಲಸ. ಆಮೇಲೆ ಇದೇ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಎಂಬ ಹೆಸರಿನ ಸಂಸ್ಥೆಗಳನ್ನು ಆರಂಭಿಸಿದುವು. ಊರಿಗೆ ಮರಳುವ ಯೋಚನೆಯಲ್ಲಿರುವ ಹುಡುಗರು ಇಲ್ಲಿ ಲಕ್ಷ ಕಟ್ಟುವ ಮುಂಚೆ ಅಲ್ಲಿ ವಿಚಾರಿಸಲಿ. ಹೊಲಿಗೆಯ ಅಕ್ಕತಂಗಿಯರಿಗೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಅದರ ಹದಿನೆಂಟು ಕಸಬುಗಳಲ್ಲಿ ದರ್ಜಿಯ ಕಸಬು ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಅವರೇ ಕೊಡುತ್ತಾರೆ, ಉಪಕರಣಕ್ಕೆ 15,000ದವರೆಗೆ ನೆರವು. ಅಡಿಗೆಯ ಕಸಬು ಆ ಹದಿನೆಂಟರಲ್ಲಿ ಇಲ್ಲ ಎಂಬುದು ನಮ್ಮವರಿಗೆ ಬೇಸರದ ಸಂಗತಿ. ಈ ಬಗ್ಗೆ ಸಂಘದಿಂದ ಒಂದು ಮನವಿ ಬರೆದರೆ ತಪ್ಪಿಲ್ಲವೆಂದು ಅಧ್ಯಕ್ಷರಿಗೆ ಸೂಚಿಸುತ್ತೇನೆ.

ಹೊತ್ತಾಯಿತು, ಸಂಜೆಯ ಪಾಳಿಯವರು ಗಡಿಯಾರ ನೋಡುತ್ತಿದ್ದಾರೆ. ಯಾರಾದರೂ ಈಗ ತರಬೇತಿಗೆ ಹಣ ಕಟ್ಟುವುದರಲ್ಲಿದ್ದರೆ ಕಟ್ಟುವ ಮುಂಚೆ ಮೂರು ಕಾಗದ ತಂದು ಕಚೇರಿಯಲ್ಲಿ ತೋರಿಸಲಿ: ಕ್ಲಾಸಿನವರು ಕೊಟ್ಟ ಫೀಸಿನ ಚೀಟಿ, ಕಳೆದ ವರ್ಷದ ರಿಟರ್ನ್, ಬ್ಯಾಂಕಿನ ಪುಸ್ತಕ. ರಿಟರ್ನ್ ತುಂಬದವರು ಬ್ಯಾಂಕಿನ ಪುಸ್ತಕವನ್ನಾದರೂ ತನ್ನಿ. ಕಟ್ಟಿ ಆದ ಮೇಲೆ ಬಂದರೆ ನಾವು ರಸೀದಿಯನ್ನು ಕಡತಕ್ಕೆ ಹಚ್ಚಬಹುದು, ಅಷ್ಟೆ. ಪ್ರಶ್ನೆಗಳಿದ್ದರೆ ಈಗ ಕೇಳಬೇಕು, ಪಾಳಿಗೆ ಹೋಗುವವರು ಮೊದಲು ಕೇಳಲಿ.